ಕೂಸು ಹುಟ್ಟುವ ಮುನ್ನ ಕುಲಾವಿ

‘ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ’ ಎಂಬ ಗಾದೆ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಬಡ್ತಿಯ ಪಟ್ಟಿ ಹೊರಬೀಳುವ ಮೊದಲೇ ಪೇಢೆಗೆ ಹೇಳಿಟ್ಟ ಸಹೋದ್ಯೋಗಿಗೂ, ಮಗ ಎಂಟನೆಯ ಇಯತ್ತೆಯಲ್ಲಿರುವಾಗಲೇ ಇಂಜಿನಿಯರಿಂಗ್ ಕಾಲೇಜುಗಳನ್ನು ವಿಚಾರಿಸಹೊರಟ ನೆರೆಮನೆಯವರಿಗೂ ನಾವು ಈ ಗಾದೆಯನ್ನು ಧಾರಾಳವಾಗಿ ಅನ್ವಯಿಸಿದ್ದೇವೆ. ಗಾದೆ ವೇದಕ್ಕೆ ಸಮಾನವೆನ್ನುತ್ತಾರೆ. ಆದರೆ ವೇದಕ್ಕೆ ಭಾಷ್ಯಗಳಿವೆ. ಗಾದೆಗೆ ಆಡಿದವನ ನಾಲಗೆಯೇ ಭಾಷ್ಯ. ಆದ್ದರಿಂದ ಅದನ್ನು ಆಡುವವರು ಒಮ್ಮೊಮ್ಮೆ ನಿಂತು, ತಾವು ಆಡಿದ್ದು ಸರಿಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಕಳೆದ ಎರಡು ಬೇಸಿಗೆಗಳಲ್ಲಿ ಒಂದು ಚಿಕ್ಕ ಹಕ್ಕಿ ನಮ್ಮನ್ನು ಹಾಗೆ ನಿಲ್ಲಿಸಿತು.

ನಾವಿರುವುದು ಕಲ್ಯಾಣದಲ್ಲಿ. ಊರ ಕಡೆಯವರಿಗೆ ಕಲ್ಯಾಣವೆಂದರೆ ಬೀದರ ಜಿಲ್ಲೆಯ ಬಸವಣ್ಣನವರ ಕಲ್ಯಾಣ. ನಮ್ಮದು ಉಲ್ಹಾಸ ನದಿಯ ದಂಡೆಯ, ಲೋಕಲ್ ಗಾಡಿಗಳ ಕಲ್ಯಾಣ. ಪಶ್ಚಿಮ ಭಾಗದ ಒಂದು ಹಳೆಯ ಸೊಸೈಟಿಯಲ್ಲಿ ಎರಡನೆಯ ಮಹಡಿಯ ಮನೆ. ಮುಂದೆ ನಾಲ್ಕು ಅಡಿ ಅಗಲದ ಬಾಲ್ಕನಿ. ಅದರಲ್ಲಿ ತುಳಸಿ, ದಾಸವಾಳ, ಒಣಗಿಸಿದ ಬಟ್ಟೆ, ಹಳೆಯ ಸೈಕಲ್ಲು, ಮೇಲಿನ ಮನೆಯಿಂದ ಇಳಿಬಿದ್ದ ಒಂದು ಕೇಬಲ್ ತಂತಿ. ಹೋದ ವರ್ಷ ಯುಗಾದಿಗೆ ಮನೆ ಸ್ವಚ್ಛ ಮಾಡುವಾಗ ಆ ತಂತಿಯ ತುದಿಯಲ್ಲಿ ಜೇಡರ ಬಲೆಗೆ ಸಿಕ್ಕಿಕೊಂಡ ಕಸದ ಗಂಟೊಂದು ಕಂಡಿತು. ಒಣಗಿದ ಎಲೆಯ ಚೂರು, ತೊಗಟೆಯ ಸಿಬಿರು, ಹುಳುಗಳ ಹಿಕ್ಕೆ, ಕಾಗದದ ಎಳೆ. ಪೊರಕೆಯ ಒಂದೇ ಏಟಿಗೆ ಅದು ಕೆಳಗೆ ಬಿತ್ತು. ಬಾಚಿ ಕಸದ ಬುಟ್ಟಿಗೆ ಹಾಕಿ, ಮಾವಿನ ತೋರಣ ಕಟ್ಟಿದೆವು.

ಅರ್ಧ ಗಂಟೆಯ ನಂತರ ಹೆಬ್ಬೆರಳಷ್ಟು ದೊಡ್ಡ ಹಕ್ಕಿಯೊಂದು ಬಾಯಲ್ಲಿ ಬಿಳಿಯ ಎಳೆಯೊಂದನ್ನು ಕಚ್ಚಿಕೊಂಡು ಬಂದಿತು. ತಂತಿಯ ತುದಿಯ ಬಳಿ ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತಿತು. ಹೋಯಿತು. ಮತ್ತೆ ಬಂದಿತು. ಆ ಎಳೆಯನ್ನು ಬಾಯಿಂದ ಬಿಡಲಿಲ್ಲ. ಹೀಗೆ ನಾಲ್ಕೈದು ಸಲ. ಅದನ್ನು ಕಂಡು ನಮ್ಮ ಮಗಳು ಹೇಳಿದಳು: “ಅಪ್ಪಾ, ಅದು ಕಸ ಅಲ್ಲ, ಗೂಡು.”

“ಮೊಟ್ಟೆ ಇರಲಿಲ್ಲವಲ್ಲ, ಪಾಪವೇನೂ ಆಗಲಿಲ್ಲ” ಎಂದು ನಾವು ಸಮಾಧಾನ ಹೇಳಿದೆವು. ಅವಳಿಗೆ ಹೇಳಿದ್ದೋ, ನಮಗೇ ಹೇಳಿಕೊಂಡದ್ದೋ ತಿಳಿಯದು. ಈ ಲೇಖನದ ಪ್ರಶ್ನೆ ಆ ಸಮಾಧಾನದಲ್ಲಿಯೇ ಇದೆ. ಮೊಟ್ಟೆಯಿಲ್ಲದ ಗೂಡು ಖಾಲಿ ಗೂಡೇ? ಇನ್ನೂ ಬಾರದವರಿಗಾಗಿ ಮಾಡಿದ ಸಿದ್ಧತೆಗೆ, ಅವರು ಬರುವವರೆಗೆ ಯಾವ ಬೆಲೆಯೂ ಇಲ್ಲವೇ?

ಹಕ್ಕಿಯ ಹೆಸರು ಸೂರಕ್ಕಿ. ಮರಾಠಿಯವರು ಶಿಂಜೀರ ಎನ್ನುತ್ತಾರೆ. ಬಾಗಿದ ಕೊಕ್ಕಿನಿಂದ ದಾಸವಾಳದ ಮಕರಂದ ಹೀರುವ ಈ ಜಾತಿಯನ್ನು ಓದುಗರೂ ತಮ್ಮ ಕಿಟಕಿಯಲ್ಲಿ ಕಂಡಿರಬಹುದು. ಗಂಡಿಗೆ ಹೊಳೆಯುವ ನೇರಳೆ ಬಣ್ಣ. ಹೆಣ್ಣಿಗೆ ಮಾಸಲು ಕಂದು, ಹೊಟ್ಟೆ ತುಸು ಹಳದಿ. ಮನೆ ಕಟ್ಟುವುದು ಬಹುಮಟ್ಟಿಗೆ ಈ ಮಾಸಲು ಸೀರೆಯವಳೇ. ಬಿ.ಎಸ್‌ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದ್ದರೂ ಕಪ್ಪೆ, ಜಿರಲೆಗಳ ಆಚೆಗೆ ನಾವು ಕಣ್ಣೆತ್ತಿ ನೋಡಿದವರಲ್ಲ. ಗೂಡು ಕೆಡವಿದ ಮೇಲೆ ಪುಸ್ತಕಗಳನ್ನು ತಂದು ಓದಿದೆವು.

ಹೆಣ್ಣು ಸೂರಕ್ಕಿ ಮೊದಲು ಜಾಗವನ್ನು ನೋಡಿಕೊಂಡು ಹೋಗುತ್ತದೆ. ಕೆಲವೊಮ್ಮೆ ನಾಲ್ಕೈದು ದಿನ ಬಂದು ನೋಡಿ ಹೋದ ಮೇಲೆಯೇ ಕೆಲಸಕ್ಕೆ ಕೈಹಾಕುವುದುಂಟು. ಜೇಡರ ನೂಲನ್ನು ಮೂಲೆಮೂಲೆಗಳಿಂದ ಕಿತ್ತು ತಂದು ಅಂಟಿಗೂ ದಾರಕ್ಕೂ ಅದನ್ನೇ ಬಳಸುತ್ತದೆ. ಹುಲ್ಲಿನ ನಾರು ಸೇರಿಸಿ ಒಂದು ಚೀಲವನ್ನು ತೂಗುಬಿಡುತ್ತದೆ. ಹೊರಮೈಗೆ ಕಸಕಡ್ಡಿ ಮೆತ್ತುತ್ತದೆ. ನೋಡಿದವರು ಕಸವೆಂದೇ ತಿಳಿಯಬೇಕು. ಹಾವು, ಕಾಗೆಗಳ ಕಣ್ಣು ತಪ್ಪಿಸಲು ಹೂಡಿದ ಈ ಉಪಾಯ ನಮ್ಮ ಪೊರಕೆಯ ಮುಂದೆ ಮಾತ್ರ ತಿರುಗುಬಾಣವಾಯಿತು. ಪಕ್ಕದಲ್ಲಿ ಒಂದು ಬಾಗಿಲು, ಬಾಗಿಲ ಮೇಲೆ ಮಳೆ ಒಳಗೆ ಬೀಳದಂತೆ ಒಂದು ಸಣ್ಣ ಮಾಡು.

ಇಷ್ಟಾದರೆ ಗೋಡೆ ಎದ್ದಂತೆ. ಮೊಟ್ಟೆಗಾಗಿ ಮಾಡುವ ನಿಜವಾದ ಸಿದ್ಧತೆ ಆಮೇಲಿನದು. ಒಳಗೆ ಮೆತ್ತೆ ಹಾಸಬೇಕು. ಸೂರಕ್ಕಿ ಅದಕ್ಕೆ ಹೆಚ್ಚಾಗಿ ಆರಿಸುವುದು ಎಕ್ಕದ ಕಾಯಿಯೊಳಗಿನ ಅರಳೆಯನ್ನು. ಶನಿವಾರ ಮಾರುತಿಗೆ ಹಾರ ಮಾಡಿ ಹಾಕುತ್ತೇವಲ್ಲ, ಅದೇ ಎಕ್ಕ. ರೈಲುಹಳಿಯ ಬದಿಯಲ್ಲೂ ಖಾಡಿಯ ದಂಡೆಯಲ್ಲೂ ಅದಕ್ಕೆ ಬರವಿಲ್ಲ. ಬೇಸಿಗೆಯಲ್ಲಿ ಕಾಯಿ ಒಡೆದು ರೇಷ್ಮೆಯಂತಹ ಅರಳೆ ಹಾರುತ್ತದೆ. ಅಂದು ಬಾಯಲ್ಲಿ ಹಿಡಿದು ನಿಂತಿದ್ದ ಬಿಳಿಯ ಎಳೆ ಅದೇ. ಅಂದರೆ ನಾವು ಕೆಡವಿದ್ದು ಬುನಾದಿಯನ್ನಲ್ಲ, ಹಾಸಿಗೆ ಹಾಸುತ್ತಿದ್ದ ಮನೆಯನ್ನು. ಎಲ್ಲ ಮುಗಿದ ಮೇಲೆ, ಮೊಟ್ಟೆಯಿಡುವ ಮೊದಲು ಸುಮಾರು ಎರಡು ರಾತ್ರಿ ಹೆಣ್ಣು ಹಕ್ಕಿ ಆ ಗೂಡಿನಲ್ಲಿ ಮಲಗುತ್ತದೆ. ನಂತರ ಬೆಳಗಿನ ಜಾವದಲ್ಲಿ ಮೊಟ್ಟೆ, ಸಾಮಾನ್ಯವಾಗಿ ಎರಡು.

ಸಿಂಪಿಗ ಹಕ್ಕಿಯದು ಇನ್ನೊಂದು ಬಗೆ. ಗಾದೆಯ ಕುಲಾವಿಯನ್ನು ಅಕ್ಷರಶಃ ಹೊಲಿಯುವುದು ಅದೇ. ಗಿಡದಲ್ಲಿರುವ ಹಸಿರು ಎಲೆಯ ಅಂಚುಗಳಿಗೆ ಕೊಕ್ಕಿನಿಂದ ತೂತು ಕೊರೆದು, ಜೇಡರ ನೂಲನ್ನೋ ಹತ್ತಿಯ ಎಳೆಯನ್ನೋ ಅದರೊಳಗೆ ತೂರಿಸಿ, ಎಲೆಯನ್ನು ಚೀಲದಂತೆ ಹೊಲಿಯುತ್ತದೆ. ಎಲೆ ಗಿಡಕ್ಕೆ ಹತ್ತಿಯೇ ಇರುವುದರಿಂದ ಬಾಡುವುದಿಲ್ಲ. ಗೂಡು ಇರುವುದೇ ಗೊತ್ತಾಗುವುದಿಲ್ಲ. ಆ ಚೀಲದೊಳಗೆ ಮೆತ್ತನೆಯ ಅರಳೆ ತುಂಬಿದ ಮೇಲೆಯೇ ಮೊಟ್ಟೆ. ಕುಲಾವಿ ಮೊದಲು, ಕೂಸು ಆಮೇಲೆ. ಹಕ್ಕಿಯ ಲೋಕದಲ್ಲಿ ಇದು ತಿರುಗುಮುರುಗಾದರೆ ಕೂಸೇ ಉಳಿಯದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಹಕ್ಕಿಯದು ಹುಟ್ಟುಗುಣ, ಅದಕ್ಕೆ ನಾಳಿನ ಅರಿವೂ ಇಲ್ಲ, ಕರ್ತವ್ಯದ ಅರಿವೂ ಇಲ್ಲ. ಅದರಲ್ಲಿ ಧರ್ಮವನ್ನು ಹುಡುಕುವುದು ಕವಿಗಳ ಕೆಲಸವೇ ಹೊರತು ವಿಚಾರವಂತರದಲ್ಲ ಎಂದು ಕೆಲವರು ಹೇಳಬಹುದು. ಈ ಮಾತಿನಲ್ಲಿ ಹುರುಳಿದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರಾಬರ್ಟ್ ಹೈಂಡ್ ಎಂಬ ವಿಜ್ಞಾನಿ ಕೆನರಿ ಹಕ್ಕಿಗಳ ಗೂಡು ಕಟ್ಟುವಿಕೆಯನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಹಗಲು ದೀರ್ಘವಾದಂತೆ ಹೆಣ್ಣಿನ ದೇಹದಲ್ಲಿ ರಸಗಳು ಊರುತ್ತವೆ. ಗೂಡು ಕಟ್ಟುವ ತವಕ ಹುಟ್ಟುತ್ತದೆ. ಅದೇ ರಸಗಳ ಬಲದಿಂದ ಎದೆಯ ಕೆಳಗಿನ ಗರಿ ಉದುರಿ, ಕಾವು ಕೊಡಲು ಬೇಕಾದ ಬರಿಯ ಚರ್ಮ ಹೊರಬರುತ್ತದೆ. ಆ ಚರ್ಮದ ಸ್ಪರ್ಶಜ್ಞಾನ ಹೆಚ್ಚುತ್ತದೆ. ಹಕ್ಕಿ ಗೂಡಿನ ಬಟ್ಟಲಲ್ಲಿ ಕುಳಿತಾಗ ಹುಲ್ಲು ಒರಟಾಗಿ ತಾಗುತ್ತದೆ. ಆಗ ಹುಲ್ಲು ತರುವುದನ್ನು ಬಿಟ್ಟು ಮೆತ್ತನೆಯ ಗರಿ ತರಲು ತೊಡಗುತ್ತದೆ.

ಇದನ್ನು ಓದಿದಾಗ, ಇಷ್ಟೇ ತಾನೇ, ಯಂತ್ರದ ಕೆಲಸ, ಎಂದು ನಮಗೆ ಅನಿಸಲಿಲ್ಲ. ಬದಲು ನಮ್ಮ ತಾಯಿಯ ನೆನಪಾಯಿತು. ಅದನ್ನು ಮುಂದೆ ಹೇಳುತ್ತೇವೆ. ಮೊದಲು ಇನ್ನೊಂದು ಎಚ್ಚರಿಕೆಯ ಮಾತು.

ಹಕ್ಕಿಯಿಂದ ನೀತಿ ಕಲಿಯಹೊರಟವರು ಬೇಗ ಪೇಚಿಗೆ ಸಿಕ್ಕುತ್ತಾರೆ. ಗೀಜಗನನ್ನೇ ನೋಡಿ. ಮರಾಠಿಯಲ್ಲಿ ಅದಕ್ಕೆ ಸುಗರಣ ಎಂದು ಹೆಸರು. ಮನೆವಾರ್ತೆಯಲ್ಲಿ ನಿಪುಣೆಯಾದ ಗೃಹಿಣಿಗೂ ಅದೇ ಹೆಸರು. ಖಾನದೇಶದ ಬಹಿಣಾಬಾಯಿ ಚೌಧರಿಯವರು ಸುಗರಣಿಯ ಗೂಡನ್ನು ಹಾಡಿದ ಪದ ಮಹಾರಾಷ್ಟ್ರದಲ್ಲಿ ಮಕ್ಕಳಿಗೂ ಬಾಯಿಪಾಠ. ಅದರಲ್ಲಿ ಗೂಡು ಕಟ್ಟುವವಳು ತಾಯಿಹಕ್ಕಿ. ಆದರೆ ೧೯೩೦ರಲ್ಲಿ, ಕೆಲಸವಿಲ್ಲದೆ ಅಲಿಬಾಗದ ಹತ್ತಿರದ ಕಿಹೀಮ್ ಎಂಬ ಕಡಲತೀರದ ಹಳ್ಳಿಗೆ ಹೋಗಿ ನೆಲೆಸಿದ್ದ ಸಾಲಿಂ ಅಲಿಯವರು ಮಳೆಗಾಲದಲ್ಲಿ ಗೀಜಗನ ಗೂಡುಗಳ ಮುಂದೆ ಕುಳಿತು ಕಂಡದ್ದೇ ಬೇರೆ. ನೇಯುವುದು ಗಂಡು. ಅರ್ಧ ನೇಯ್ದು, ಗೂಡು ಶಿರಸ್ತ್ರಾಣದ ಆಕಾರಕ್ಕೆ ಬಂದಾಗ ಹೆಣ್ಣುಗಳನ್ನು ಕರೆಯುತ್ತದೆ. ಹೆಣ್ಣು ಒಳಹೊಕ್ಕು ಪರೀಕ್ಷಿಸಿ ಒಪ್ಪಿದರೆ ಮಾತ್ರ ಉಳಿದುದನ್ನು ಪೂರೈಸುತ್ತದೆ. ಒಳಗಿನ ಮೆತ್ತೆಯ ಕೆಲಸ ಹೆಣ್ಣಿನದು. ಮೊಟ್ಟೆ ಬಿದ್ದೊಡನೆ ಗಂಡು ಪಕ್ಕದಲ್ಲಿ ಇನ್ನೊಂದು ಗೂಡು ಹೂಡಿ ಇನ್ನೊಬ್ಬಳನ್ನು ಕರೆಯಲು ತೊಡಗುತ್ತದೆ! ೧೯೩೧ರಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಸ್ಥೆಯ ಪತ್ರಿಕೆಯಲ್ಲಿ ಅವರು ಇದನ್ನು ಪ್ರಕಟಿಸಿದರು. ಇನ್ನು ಕೋಗಿಲೆಯ ಸಂಗತಿ ಎಲ್ಲರೂ ಬಲ್ಲರು. ಗೂಡು ಕಟ್ಟುವ ಗೊಡವೆಯೇ ಇಲ್ಲ, ಕಾಗೆಯ ಗೂಡಿದೆ.

ಆದ್ದರಿಂದ ಹಕ್ಕಿ ನಮ್ಮ ಗುರು ಎಂದು ನಾವು ಹೇಳುವುದಿಲ್ಲ. ಹಕ್ಕಿಯಿಂದ ಏಕನಿಷ್ಠೆಯನ್ನೂ ಸಾಧಿಸಬಹುದು, ಬಹುಪತ್ನೀತ್ವವನ್ನೂ ಸಾಧಿಸಬಹುದು, ಪರರ ಸೊತ್ತಿನ ಅಪಹಾರವನ್ನೂ ಸಮರ್ಥಿಸಬಹುದು. ಹಕ್ಕಿ ನಮಗೆ ಉತ್ತರ ಕೊಡುವುದಿಲ್ಲ, ಪ್ರಶ್ನೆಯನ್ನು ನೆನಪಿಸುತ್ತದೆ ಅಷ್ಟೆ. ಉತ್ತರವನ್ನು ನಮ್ಮ ಮನೆಗಳಲ್ಲಿಯೇ ಹುಡುಕಬೇಕು.

ನಮ್ಮ ಊರು ಹಾವೇರಿಯ ಕಡೆಯ ಒಂದು ಹಳ್ಳಿ. ಹದಿನಾಲ್ಕು ವರ್ಷಗಳ ಹಿಂದಿನ ಮಾತು. ನಮ್ಮ ಮನೆಯವರ ಮೊದಲ ಬಾಣಂತನ ರೂಢಿಯಂತೆ ತವರಿನಲ್ಲಾಗಿತ್ತು. ಎರಡನೆಯ ಸಲ ಗರ್ಭಿಣಿಯಾದಾಗ ಅವರ ತಾಯಿ ಇರಲಿಲ್ಲ. “ನನ್ನ ಕಡೆ ಕಳಸ್ರಿ, ನಾ ಬಾಣಂತನ ಮಾಡ್ತೀನಿ” ಎಂದು ನಮ್ಮವ್ವ ಹೇಳಿಕಳುಹಿಸಿದಳು. ನಾವು ಆಗಲಿ ಎಂದೆವು. ದಸರೆಯ ರಜೆಯಲ್ಲಿ ಊರಿಗೆ ಹೋದಾಗ ನಡುಮನೆಯ ಪಕ್ಕದ ಕೋಣೆಗೆ ಸುಣ್ಣ ಬಳಿದಿತ್ತು. ಅಟ್ಟದ ಮೇಲಿದ್ದ ಕಲಘಟಗಿಯ ಬಣ್ಣದ ತೊಟ್ಟಿಲು ಕೆಳಗಿಳಿದು, ಎಣ್ಣೆ ಸವರಿಸಿಕೊಂಡು ಮೂಲೆಯಲ್ಲಿ ನಿಂತಿತ್ತು. ಅಂಟಿನುಂಡಿಗೆಂದು ಅಂಟು, ಉತ್ತತ್ತಿ ಡಬ್ಬಿಗಳಲ್ಲಿ ತುಂಬಿದ್ದವು. ಅವ್ವ ಕಟ್ಟೆಯ ಮೇಲೆ ಕುಳಿತು ಕೌದಿ ಹೊಲಿಯುತ್ತಿದ್ದಳು. ಹೊಸ ಬಟ್ಟೆಯ ಒಂದು ಚೂರೂ ಅದರಲ್ಲಿರಲಿಲ್ಲ. ಎಲ್ಲ ಅವಳ ಹಳೆಯ ಇಳಕಲ್ಲ ಸೀರೆಗಳು. ನೂರಾರು ಸಲ ಒಗೆದು ಬೆಣ್ಣೆಯಂತಾದ ನೂಲು. ಪ್ರತಿಯೊಂದು ತುಂಡನ್ನೂ ಸೇರಿಸುವ ಮೊದಲು ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಒರಟಾದದ್ದನ್ನು ಬದಿಗಿಡುತ್ತಿದ್ದಳು.

ತನ್ನ ಹಾಸಿಗೆಯನ್ನೂ ಅವಳು ಆ ಕೋಣೆಗೇ ಸಾಗಿಸಿಬಿಟ್ಟಿದ್ದಳು. ಏಕೆಂದು ಕೇಳಿದೆವು. “ರಾತ್ರಿ ಗಾಳಿ ಎಲ್ಲಿಂದ ಹೊಡೀತೈತಿ ನೋಡಬೇಕಲ್ಲ. ಮಲಗಿದ ಹೊರತು ಹ್ಯಾಂಗ ಗೊತ್ತಾಗ್ತೈತಿ?” ಎಂದಳು.

ನಾವು ನಕ್ಕು ಹೇಳಿದೆವು: “ಕೂಸು ಹುಟ್ಟೂಕ್ಕಿಂತ ಮೊದಲ ಕುಲಾವಿ ಹೊಲಿಸಿದಂಗಾತು, ಅವ್ವಾ.” ಅವಳೂ ನಕ್ಕಳು. ಸೂಜಿಗೆ ದಾರ ಪೋಣಿಸುತ್ತ, “ಬರೂದು ಬಿಡೂದು ಅವರ ಕೈಯಾಗ ಐತಿ. ಜಾಗಾ ಅಂತೂ ಸಿದ್ಧ ಇರಬೇಕಲ್ಲ” ಎಂದಳು.

ಅವಳ ಮಾತೇ ನಿಜವಾಯಿತು. ಕಲ್ಯಾಣಕ್ಕೆ ಹಿಂತಿರುಗಿದ ಮೇಲೆ ನಮ್ಮ ಲೆಕ್ಕಾಚಾರ ಬದಲಾಯಿತು. ದೊಡ್ಡವಳ ಶಾಲೆ, ರಜೆಯ ತೊಡಕು, ಹತ್ತಿರದಲ್ಲೇ ಆಸ್ಪತ್ರೆ. ಕಾರಣಗಳೆಲ್ಲ ಸರಿಯಾದವೇ. ಹೆರಿಗೆ ಇಲ್ಲೇ ಎಂದು ತೀರ್ಮಾನಿಸಿದೆವು. ಊರಿಗೆ ತಿಳಿಸಿದ್ದು ಮಾತ್ರ ಎಂಟನೆಯ ತಿಂಗಳಲ್ಲಿ, ಫೋನಿನಲ್ಲಿ, ಎರಡು ನಿಮಿಷದಲ್ಲಿ. ಅವ್ವ ಆಕ್ಷೇಪಿಸಲಿಲ್ಲ. ಹದಿನೈದು ದಿನಗಳಲ್ಲಿ ಊರಿನವರೊಬ್ಬರ ಕೈಯಲ್ಲಿ ಕೌದಿಯೂ ಉಂಡಿಯ ಡಬ್ಬಿಯೂ ಬಂದವು. ತೊಟ್ಟಿಲು ಮತ್ತೆ ಅಟ್ಟಕ್ಕೇರಿತು. ಆಗ ಇದೆಲ್ಲ ನಮಗೆ ವಿಶೇಷವೆಂದು ತೋರಲಿಲ್ಲ. ಕೂಸು ಸುಖವಾಗಿ ಹುಟ್ಟಿತ್ತು. ಕೋಣೆ ಬಳಕೆಯಾಗಲಿಲ್ಲ, ಅಷ್ಟೇ ತಾನೆ?

ಈಗ ತೋರುತ್ತದೆ. ಹಕ್ಕಿ ಬರಿಯ ಎದೆಯಿಂದ, ಅವ್ವ ಕೆನ್ನೆಯಿಂದ ಮಾಡಿದ್ದು ಒಂದೇ ಕೆಲಸ. ಇನ್ನೊಬ್ಬರ ಮೈಗೆ ನಾಳೆ ತಾಗಲಿರುವುದನ್ನು ಇಂದು ತನ್ನ ಮೈಗೆ ತಾಗಿಸಿ ನೋಡುವುದು. ಸಿದ್ಧತೆ ಎಂಬ ಪದಕ್ಕೆ ನಮಗೆ ಇದಕ್ಕಿಂತ ಒಳ್ಳೆಯ ಅರ್ಥ ಹೊಳೆಯದು. ಹಕ್ಕಿ ಅದನ್ನು ಅರಿಯದೆ ಮಾಡುತ್ತದೆ, ಅವ್ವ ಅರಿತು ಮಾಡಿದಳು. ಅಷ್ಟರಮಟ್ಟಿಗೆ ಅವ್ವನ ಕೆಲಸ ದೊಡ್ಡದು. ಅಷ್ಟರಮಟ್ಟಿಗೆ ಅದನ್ನು ಕಡೆಗಣಿಸಿದ್ದೂ ದೊಡ್ಡ ತಪ್ಪು.

ಗಾದೆಯನ್ನು ನಾವು ಸುಳ್ಳೆನ್ನುವುದಿಲ್ಲ. ಅದು ಹಳಿಯುವುದು ಎಣಿಕೆಯನ್ನು. ಬಡ್ತಿ ಬಂದಂತೆಯೇ ಎಣಿಸಿ ಪೇಢೆ ಹಂಚುವವನು ಫಲವನ್ನು ಮುಂಚಿತವಾಗಿ ಉಣ್ಣುತ್ತಾನೆ. ಅದು ಬಾರದಿದ್ದರೆ ಕೋಪಿಸಿಕೊಳ್ಳುತ್ತಾನೆ. ಅಣಿಗೊಳಿಸುವವರು ಹಾಗಲ್ಲ. ಅವರು ಏನನ್ನೂ ಮುಂಚಿತವಾಗಿ ಪಡೆಯುವುದಿಲ್ಲ. ಕೊಡುವುದನ್ನು ಮುಂಚಿತವಾಗಿ ಕೊಡುತ್ತಾರೆ. ಎಣಿಸುವುದು ಬೇರೆ, ಅಣಿಗೊಳಿಸುವುದು ಬೇರೆ. ಫಲಾಪೇಕ್ಷೆಯಿಲ್ಲದ ಕರ್ಮವೆಂದು ಗೀತೆಯ ಪ್ರವಚನಗಳಲ್ಲಿ ಕೇಳುತ್ತೇವೆ. ಬರುವುದು ಬಿಡುವುದು ಅವರ ಕೈಯಲ್ಲಿದೆ ಎಂದು ಹೇಳುತ್ತಲೇ ಸೂಜಿಗೆ ದಾರ ಪೋಣಿಸುವುದು ಅದಲ್ಲದೆ ಮತ್ತೇನು? ಪಿತೃಋಣವನ್ನು ಹಿಂದಿನವರಿಗೆ ತೀರಿಸಲಾಗದು, ಮುಂದಿನವರಿಗೇ ತೀರಿಸಬೇಕೆಂದು ನಮ್ಮ ಹಿರಿಯರು ಕಂಡುಕೊಂಡದ್ದೂ ಇದನ್ನೇ ಇರಬೇಕು.

ಈ ವರ್ಷದ ಸಂಗತಿ ಹೇಳಿ ಮುಗಿಸುತ್ತೇವೆ. ಏಪ್ರಿಲ್ ತಿಂಗಳಲ್ಲಿ ಅದೇ ತಂತಿಯ ತುದಿಗೆ ಮತ್ತೆ ಸೂರಕ್ಕಿ ಬಂದಿತು. ಹೋದ ವರ್ಷದ್ದೇ ಹೌದೋ ಅಲ್ಲವೋ ಹೇಳುವಂತಿಲ್ಲ. ನಾವು ಆ ಬದಿಯಲ್ಲಿ ಬಟ್ಟೆ ಹಾಕುವುದನ್ನು ಬಿಟ್ಟೆವು. ಜೇಡರ ಬಲೆಗಳನ್ನು ಮುಟ್ಟಲಿಲ್ಲ. ಗೂಡು ಮುಕ್ಕಾಲು ಆಗಿತ್ತು. ಆ ಹೊತ್ತಿಗೆ ಸೊಸೈಟಿಯವರು ಹೊರಗೋಡೆಗೆ ಬಣ್ಣ ಹಚ್ಚಿಸುವ ಕೆಲಸ ಆರಂಭಿಸಿದರು. ಮಳೆಗೆ ಮುನ್ನ ಮುಗಿಯಬೇಕು. ತಡವಾದರೆ ದಸರೆಯವರೆಗೆ ನಿಲ್ಲಬೇಕು, ಗುತ್ತಿಗೆದಾರ ದರ ಏರಿಸುತ್ತಾನೆ. ಕಮಿಟಿಯ ಒಬ್ಬ ಸಜ್ಜನರು ಗೂಡನ್ನು ನೋಡಿ, “ಮೊಟ್ಟೆ ಇನ್ನೂ ಇಲ್ಲವಲ್ಲ? ಹಾಗಾದರೆ ಈಗಲೇ ತೆಗೆದುಬಿಡಿ, ಆಮೇಲೆ ತೆಗೆದರೆ ಪಾಪ” ಎಂದರು. ಹೋದ ವರ್ಷದ ನಮ್ಮ ಮಾತೇ ಮರಾಠಿಯಲ್ಲಿ ನಮ್ಮ ಮುಂದೆ ನಿಂತಿತ್ತು.

ಸರಕಾರಿ ಗುಮಾಸ್ತರಿಗೆ ಮೊದಲು ನೆನಪಾಗುವುದು ಕಾಯ್ದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದದ ಅರ್ಥದೊಳಗೆ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದಷ್ಟೇ ಅಲ್ಲ, ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದನ್ನೂ ಸೇರಿಸಿದ್ದಾರೆ. ‘ಅಥವಾ ಗೂಡಿಗೆ’ ಎಂದು ಬೇರೆಯಾಗಿ ಬರೆದಿದ್ದಾರೆ. ಅದನ್ನು ತೋರಿಸಿದೆವು. ಕಾಯ್ದೆಯಿಂದ ಬಾಯಿ ಕಟ್ಟಬಹುದು, ಮನಸ್ಸು ಒಪ್ಪುವುದಿಲ್ಲ. ಆದ್ದರಿಂದ ಲೆಕ್ಕವನ್ನೂ ಹೇಳಿದೆವು: ಕಾವು ೧೪ರಿಂದ ೧೬ ದಿನ, ಮರಿ ಹಾರಲು ಇನ್ನು ೧೭ ದಿನ. ಇಡೀ ಗೋಡೆಯನ್ನು ನಿಲ್ಲಿಸಬೇಡಿ. ನಮ್ಮ ಬಾಲ್ಕನಿಯ ಆ ಬದಿಯನ್ನು ಮಾತ್ರ ಬಿಡಿ. ಅರ್ಧ ಗಂಟೆಯ ವಾದದ ನಂತರ ಒಪ್ಪಿದರು.

ಗೂಡು ಪೂರ್ತಿಯಾಯಿತು. ಎಕ್ಕದ ಅರಳೆ ಒಳಗೆ ಹೋಗುವುದನ್ನು ಕಂಡೆವು. ಒಂದು ಸಂಜೆ ಹಕ್ಕಿ ಒಳಗೆ ಹೋಗಿ ರಾತ್ರಿಯೆಲ್ಲ ಅಲ್ಲೇ ಉಳಿಯಿತು. ಬಾಗಿಲಲ್ಲಿ ಕೊಕ್ಕಿನ ತುದಿ ಮಾತ್ರ ಕಾಣುತ್ತಿತ್ತು. ಮರುದಿನವೂ ಹಾಗೆಯೇ. ಮೂರನೆಯ ದಿನ ಬರಲಿಲ್ಲ. ನಾಲ್ಕನೆಯ ದಿನವೂ ಬರಲಿಲ್ಲ. ಬಣ್ಣದ ವಾಸನೆಯೋ, ಪರಾಂಚಿಯ ಗದ್ದಲವೋ, ಕಾಗೆಯ ಬಾಯಿಗೆ ಹೋಯಿತೋ ತಿಳಿಯದು. ಎರಡು ವಾರ ಕಾದು ಕನ್ನಡಿ ಹಿಡಿದು ನೋಡಿದೆವು. ಒಳಗೆ ಬಿಳಿಯ ಮೆತ್ತೆ. ನಡುವೆ ಅದು ಕುಳಿತು ಒತ್ತಿದ ಗುಣಿ. ಮೊಟ್ಟೆ ಇರಲಿಲ್ಲ.

ಕಮಿಟಿಯ ಸಜ್ಜನರು ಮೆಟ್ಟಿಲಲ್ಲಿ ಸಿಕ್ಕು ಕೇಳಿದರು. ಹೇಳಿದೆವು. ನಕ್ಕರು. ನಗಲಿ. ಹಕ್ಕಿ ಬಂದು ಮರಿ ಹಾರಿದ್ದರೆ ನಮ್ಮ ವಾದ ಗೆದ್ದಂತೆಯೂ, ಬಾರದ್ದರಿಂದ ಸೋತಂತೆಯೂ ಅವರು ತಿಳಿದಿದ್ದಾರೆ. ಗೂಡಿಗೆ ನಾವು ಸಲ್ಲಿಸಬೇಕಾದ ಮರ್ಯಾದೆ ಮೊಟ್ಟೆಯ ಲೆಕ್ಕದಿಂದ ಬರುವುದಾಗಿದ್ದರೆ ಅದು ಸರಿ. ಆದರೆ ಅವ್ವನ ಕೋಣೆಗೂ ಯಾರೂ ಬರಲಿಲ್ಲ. ಅದರಿಂದ ಅವಳು ಬಳಿದ ಸುಣ್ಣ ವ್ಯರ್ಥವಾಯಿತೆನ್ನಲು ನಮಗೆ ಬಾಯಿ ಬರುವುದಿಲ್ಲ.

ಅವ್ವ ಹೋಗಿ ನಾಲ್ಕು ವರ್ಷವಾಯಿತು. ಊರಿನ ಮನೆಯನ್ನು ಮಾರುವ ಮಾತು ಅಣ್ಣತಮ್ಮಂದಿರಲ್ಲಿ ನಡೆದಿದೆ. ಬರವಣಿಗೆಯ ಕೆಲಸವೆಂದು ಒಪ್ಪಿಗೆಪತ್ರದ ಕರಡನ್ನು ನಮಗೇ ವಹಿಸಿದ್ದಾರೆ. ಹೊರನಾಡಿಗೆ ಬಂದ ನಮ್ಮಂಥವರಲ್ಲಿ ಅನೇಕರು ಇಂಥ ಕಾಗದವನ್ನು ಬರೆದಿರಬಹುದು, ಅಥವಾ ಬರೆಯಲಿರಬಹುದು. ಮಾರುವುದು, ಬಿಡುವುದು ಬೇರೆ ಪ್ರಶ್ನೆ. ಅದಕ್ಕೆ ಅದರದೇ ಕಾರಣಗಳಿವೆ, ಬಹುಶಃ ಮಾರಿಯೇಬಿಡುತ್ತೇವೆ. ಕರಡಿನ ಮೊದಲ ಸಾಲಿನಲ್ಲಿ ‘ಬಹುಕಾಲದಿಂದ ಖಾಲಿ ಬಿದ್ದಿರುವ ಮನೆ’ ಎಂದು ಬರೆದಿದ್ದೆವು. ಮೊನ್ನೆ ರಾತ್ರಿ ಆ ಮಾತನ್ನು ಹೊಡೆದುಹಾಕಿ ‘ನಮ್ಮ ತಾಯಿಯವರು ಇರಿಸಿಕೊಂಡು ಬಂದ ಮನೆ’ ಎಂದು ತಿದ್ದಿದೆವು. ಬೆಲೆಯಲ್ಲಿ ಅದರಿಂದ ವ್ಯತ್ಯಾಸವಾಗಲಾರದು.

ಓದುಗರಲ್ಲಿ ಒಂದೇ ಬಿನ್ನಹ. ಹಬ್ಬದ ಮುನ್ನ ಬಾಲ್ಕನಿಯ ಮೂಲೆಯಲ್ಲಿ ಕಸದ ಗಂಟು ಕಂಡರೆ ಪೊರಕೆ ಎತ್ತುವ ಮೊದಲು ಅರ್ಧ ಗಂಟೆ ಕಾದು ನೋಡಿ. ಯಾರಾದರೂ ಬಾಯಲ್ಲಿ ಎಳೆ ಹಿಡಿದು ಬರಬಹುದು. ನಮ್ಮ ಕಟ್ಟಡಕ್ಕೆಲ್ಲ ಈಗ ಹೊಸ ಬಣ್ಣ. ಎರಡನೆಯ ಮಹಡಿಯ ಒಂದು ತುಂಡು ಗೋಡೆ ಮಾತ್ರ ಹಳೆಯ ಬಣ್ಣದಲ್ಲಿದೆ. ಗೂಡು ಇನ್ನೂ ತಂತಿಯಲ್ಲಿ ತೂಗುತ್ತಿದೆ.